ಬರ್ಗೆನ್ನಿನಲ್ಲಿ ಎರಡು ರಾತ್ರಿ

ಮಗಳು ಶುಕ್ರವಾರ ಒಂದು ದಿನ ರಜೆ ಹಾಕಿ, “ಅಮ್ಮಾ, ಎರಡು ರಾತ್ರಿಗೆ ಬೇಕಾದಷ್ಟೇ ಬಟ್ಟೆ ತಗೊ, ಕೊಡೆ ಮಾತ್ರ ಬೇಡ” ಎಂದಳು. ನಾವು ಹೊರಟಿದ್ದದ್ದು ಬರ್ಗೆನ್ನಿಗೆ. ಅಲ್ಲಿ ವರ್ಷದಲ್ಲಿ ಇನ್ನೂರಕ್ಕೂ ಹೆಚ್ಚು ದಿನ ಮಳೆ ಬರುತ್ತದೆ ಎಂದು ಹಿಂದಿನ ದಿನ ಹೇಳಿದವಳೂ ಅವಳೇ. ಗಂಗೊಳ್ಳಿಯಲ್ಲಿ ಇಪ್ಪತ್ತೆರಡು ಮಳೆಗಾಲ, ಡೊಂಬಿವಲಿಯಲ್ಲಿ ನಲವತ್ತು ಮಳೆಗಾಲ ಕಂಡ ನನಗೆ ಇವಳು ಮಳೆಯ ವಿಷಯ ಹೇಳಿಕೊಡುವುದೇ? ಕೊಡೆಯನ್ನು ಚೂಡಿದಾರದ ಮಡಿಕೆಯೊಳಗೆ ಸುತ್ತಿ ಬ್ಯಾಗಿನ ತಳಕ್ಕೆ ಸೇರಿಸಿದೆ.

ಮಗಳು ಎಂಟು ವರ್ಷದಿಂದ ಓಸ್ಲೋದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ನಮ್ಮವರು ಹೋಗಿ ಎರಡು ವರ್ಷವಾಯಿತು. ಅವರಿದ್ದಾಗ ಇಬ್ಬರೂ ಒಮ್ಮೆ ಬಂದಿದ್ದೆವು, ಓಸ್ಲೋ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಈ ಸಲ ಮೇ ಕೊನೆಗೆ ನಾನೊಬ್ಬಳೇ ಬಂದೆ. “ಶನಿವಾರ ಭಾನುವಾರ ಎಲ್ಲಾದರೂ ಹೋಗೋಣ, ನಾವಿಬ್ಬರೇ” ಎಂದಾಗಲೇ ನನಗೆ ಅನುಮಾನ. ಮಗಳಿಗೆ ಮೂವತ್ತನಾಲ್ಕು. ‘ನಾವಿಬ್ಬರೇ’ ಎಂದರೆ ಯಾವನೋ ಹುಡುಗನ ವಿಷಯವೇ ಇರಬೇಕು ಎಂದು ಮನಸ್ಸಿನಲ್ಲೇ ಅವನ ಬಣ್ಣ, ಭಾಷೆ, ಊಟ ಎಲ್ಲಕ್ಕೂ ಒಪ್ಪಿಗೆ ಕೊಡುತ್ತಾ ರೈಲು ಹತ್ತಿದೆ.

ಓಸ್ಲೋದಿಂದ ಬರ್ಗೆನ್ನಿಗೆ ರೈಲಿನಲ್ಲಿ ಏಳು ಗಂಟೆಯ ಹತ್ತಿರ. ವಿಮಾನದಲ್ಲಾದರೆ ಒಂದು ಗಂಟೆ ಸಾಕಂತೆ, ಆದರೆ ಈ ದಾರಿಯನ್ನು ವಿಮಾನದಲ್ಲಿ ದಾಟುವುದು ದಡ್ಡತನ. ಮೊದಲ ಎರಡು ಗಂಟೆ ಕಾಡು, ಕೆರೆ, ಕೆಂಪು ಬಣ್ಣದ ಮರದ ಮನೆಗಳು. ಆಮೇಲೆ ಮರಗಳು ಗಿಡ್ಡವಾಗುತ್ತಾ ಬಂದು ಇಲ್ಲವೇ ಆಗುತ್ತವೆ. ಮೇ ತಿಂಗಳ ಕೊನೆಯಲ್ಲೂ ಎರಡೂ ಬದಿ ಹಿಮ. ಅತಿ ಎತ್ತರದ ನಿಲ್ದಾಣ ಫಿನ್ಸೆ, 1222 ಮೀಟರ್. ಆ ಊರಿಗೆ ವಾಹನ ಹೋಗುವ ರಸ್ತೆಯೇ ಇಲ್ಲ, ಬಂದರೆ ರೈಲಿನಲ್ಲಿ ಬರಬೇಕು, ಇಲ್ಲವೇ ನಡೆದೋ ಸೈಕಲ್ಲಿನಲ್ಲೋ ಹಿಮದ ಮೇಲೆ ಜಾರಿಕೊಂಡೋ. 1909ರಲ್ಲಿ ಈ ದಾರಿ ತೆರೆಯುವ ಮೊದಲು ಎರಡು ಊರುಗಳ ನಡುವಿನ ಸುಲಭದ ದಾರಿಯೆಂದರೆ ಕರಾವಳಿ ಸುತ್ತಿ ಹೋಗುವ ಹಡಗು. ನನಗೆ ಕೊಂಕಣ ರೈಲು ನೆನಪಾಯಿತು. 1998ರಲ್ಲಿ ಅದು ಪೂರ್ತಿಯಾಗಿ ಓಡತೊಡಗುವವರೆಗೆ ನಾವು ಮುಂಬಯಿಯಿಂದ ಕುಂದಾಪುರಕ್ಕೆ ಬಸ್ಸಿನಲ್ಲಿ ಒಂದು ಹಗಲು ಒಂದು ರಾತ್ರಿ ಕುಲುಕಿಕೊಂಡು ಹೋಗುತ್ತಿದ್ದೆವು. ಇವಳು ನನ್ನ ಮಡಿಲಲ್ಲಿ ವಾಂತಿ ಮಾಡಿಕೊಂಡದ್ದು ಎಷ್ಟು ಸಲವೋ.

ಸುರಂಗವೊಂದರೊಳಗೆ ಕಿವಿ ಮುಚ್ಚಿದಂತಾದಾಗ ಅವಳು, “ಅಮ್ಮಾ, ನಿನ್ನತ್ರ ಒಂದು ವಿಷಯ...” ಎಂದಳು. ಸುರಂಗ ಮುಗಿದು ಬೆಳಕು ಬಂತು, ಎದುರಿನ ಸೀಟಿನವರು ಫೋಟೋ ತೆಗೆಯಲು ಎದ್ದರು, ಮಾತು ಅಲ್ಲಿಗೇ ನಿಂತಿತು.

ಬರ್ಗೆನ್ ತಲುಪಿದಾಗ ಮಳೆ ಇರಲಿಲ್ಲ. ನಾನು ವಿಜಯದ ನಗೆ ನಕ್ಕೆ. ಹತ್ತು ನಿಮಿಷದಲ್ಲಿ ಬಂತು. ಅದು ನಮ್ಮ ಮಳೆಯಲ್ಲ. ನಮ್ಮ ಕರಾವಳಿಯಲ್ಲಿ ಬರ್ಗೆನ್ನಿಗಿಂತ ಬಹಳ ಹೆಚ್ಚು ಮಳೆ ಬೀಳುತ್ತದೆ, ಆದರೆ ಹೆಚ್ಚಿನದ್ದೆಲ್ಲ ನಾಲ್ಕು ತಿಂಗಳಲ್ಲಿ, ಗುಡುಗಿ, ಹೇಳಿ ಕೇಳಿ ಬೀಳುತ್ತದೆ. ಇದು ಸದ್ದಿಲ್ಲದೆ ಸುರಿಯುತ್ತದೆ, ನಿಲ್ಲುತ್ತದೆ, ಮತ್ತೆ ಸುರಿಯುತ್ತದೆ. ಏಳು ಬೆಟ್ಟಗಳ ನಡುವೆ ಊರು. ಕಡಲಿನಿಂದ ಬಂದ ಮೋಡ ಬೆಟ್ಟಕ್ಕೆ ತಾಗಿ ಅಲ್ಲೇ ಇಳಿಯುತ್ತದೆ. ಯಾರ ಕೈಯಲ್ಲೂ ಕೊಡೆ ಇಲ್ಲ. ಗೊರಬು ಹೊದ್ದ ನಮ್ಮೂರ ಗದ್ದೆಯ ಹೆಂಗಸರ ಹಾಗೆ ಎಲ್ಲರೂ ತಲೆಮುಚ್ಚುವ ಜಾಕೆಟ್ ಹಾಕಿಕೊಂಡು ತಮ್ಮಷ್ಟಕ್ಕೆ ನಡೆಯುತ್ತಿದ್ದರು.

ಶನಿವಾರ ಬೆಳಗ್ಗೆ ಮೊದಲು ಹೋದದ್ದು ಮೀನು ಮಾರ್ಕೆಟ್ಟಿಗೆ. ಗಂಗೊಳ್ಳಿಯವಳನ್ನು ಬೇರೆ ಎಲ್ಲಿಗೆ ಕರೆದೊಯ್ಯುವುದು? ನಿಜ ಹೇಳುತ್ತೇನೆ, ನಿರಾಸೆಯಾಯಿತು. ಕೂಗಾಟವಿಲ್ಲ, ಚೌಕಾಸಿಯಿಲ್ಲ, ಕಾಲಿಗೆ ನೀರಿಲ್ಲ, ವಾಸನೆಯೂ ಇಲ್ಲ. ಮಂಜುಗಡ್ಡೆಯ ಮೇಲೆ ಸಾಲ್ಮನ್, ಕೈಯಷ್ಟುದ್ದದ ಕಾಲಿನ ಏಡಿ, ತಿಮಿಂಗಿಲದ ಕಪ್ಪು ಮಾಂಸ. ಬಂಗಡೆಯ ದೊಡ್ಡಣ್ಣನಂಥ ಮೀನೊಂದನ್ನು ಹೊಗೆ ಹಾಕಿ ಇಟ್ಟಿದ್ದರು, ಅದನ್ನು ಕಂಡಾಗ ಮಾತ್ರ ನೆಂಟರನ್ನು ಕಂಡಂತಾಯಿತು. ಒಂದು ಬೋಗುಣಿ ಮೀನಿನ ಸೂಪಿಗೆ ಇನ್ನೂರಕ್ಕೂ ಹೆಚ್ಚು ಕ್ರೋನ. ಎಂಟರಿಂದ ಗುಣಿಸಿದೆ. “ಗುಣಿಸ್ಬೇಡ ಅಮ್ಮಾ” ಎಂದಳು. ಕೆನೆ, ಗಜ್ಜರಿ, ಮೀನಿನ ತುಂಡು, ಬೆಚ್ಚಗೆ ಚೆನ್ನಾಗಿತ್ತು. ಒಂದು ಒಣಮೆಣಸು ಬಿದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ಅಲ್ಲಿಂದ ಐದು ನಿಮಿಷ ನಡೆದರೆ ಬ್ರಿಗ್ಗೆನ್. ಹಾಗೆಂದರೆ ಧಕ್ಕೆ ಎಂದೇ ಅರ್ಥ. ನೀರಿಗೆ ಮುಖಮಾಡಿ ಕೆಂಪು, ಹಳದಿ, ಬಿಳಿ ಬಣ್ಣದ ಚೂಪು ಮಾಡಿನ ಮರದ ಮನೆಗಳು, ಒಂದರ ಹೆಗಲಿಗೊಂದು ಒರಗಿಕೊಂಡು ಸೊಟ್ಟಗೆ ನಿಂತಿವೆ. 1702ರ ಬೆಂಕಿಯಲ್ಲಿ ಎಲ್ಲ ಸುಟ್ಟು ಹೋದ ಮೇಲೆ ಹಳೆಯ ನಮೂನೆಯಲ್ಲೇ ಮತ್ತೆ ಕಟ್ಟಿದ್ದಂತೆ. 1955ರಲ್ಲಿ ಒಂದು ಭಾಗ ಮತ್ತೆ ಸುಟ್ಟಿತು. ಉಳಿದದ್ದನ್ನು 1979ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಎದುರಿನ ಸಾಲಿನ ಫೋಟೋ ತೆಗೆದು ಹೋಗುವವರೇ ಹೆಚ್ಚು. ಹಿಂದಿನ ಓಣಿಗಳಿಗೆ ಹೋಗಬೇಕು. ಕಾಲಡಿ ಹಲಗೆ, ತಲೆಯ ಮೇಲೆ ಮರದ ಮೊಗಸಾಲೆ, ಮೂಟೆ ಎತ್ತುವ ರಾಟೆ, ಡಾಂಬರಿನ ವಾಸನೆ.

1360ರ ಸುಮಾರಿಗೆ ಜರ್ಮನ್ ವರ್ತಕರ ಹಾನ್ಸಾ ಎಂಬ ಕೂಟ ಇಲ್ಲಿ ತನ್ನ ವ್ಯಾಪಾರದ ಠಾಣ್ಯ ಇಟ್ಟಿತು. ವ್ಯಾಪಾರ ಒಣಮೀನಿನದ್ದು. ಉತ್ತರದ ಲೊಫೊಟೆನ್ ದ್ವೀಪಗಳಲ್ಲಿ ಕಾಡ್ ಮೀನನ್ನು ಉಪ್ಪು ಸಹ ಹಾಕದೆ ಮರದ ಅಟ್ಟಣೆಗೆ ನೇತುಹಾಕಿ ಚಳಿಗಾಳಿಗೆ ಒಣಗಿಸುತ್ತಾರೆ. ಅದು ಕಟ್ಟಿಗೆಯಷ್ಟು ಗಟ್ಟಿಯಾಗಿ ವರ್ಷಗಟ್ಟಲೆ ಉಳಿಯುತ್ತದೆ. ಮೀನುಗಾರರು ಅದನ್ನು ದೋಣಿಯಲ್ಲಿ ಇಲ್ಲಿಗೆ ತಂದು ಕೊಟ್ಟು ಧಾನ್ಯ, ಹಿಟ್ಟು ಒಯ್ಯುವುದು. ಹಿಟ್ಟು ಸಾಲದ ಮೇಲೆ, ತೀರಿಸುವುದು ಮುಂದಿನ ವರ್ಷದ ಮೀನಿನಲ್ಲಿ. ಹೀಗಾಗಿ ಒಂದೊಂದು ಮನೆಯವರು ಒಬ್ಬನೇ ವರ್ತಕನಿಗೆ ತಲೆಮಾರುಗಟ್ಟಲೆ ಕಟ್ಟುಬೀಳುತ್ತಿದ್ದರು. ನಮ್ಮೂರ ಕಡಲಬದಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಮೀನಲ್ಲ, ಹುಡುಗರು. ಜರ್ಮನಿಯಿಂದ ಹದಿಹರೆಯದ ಹುಡುಗರನ್ನು ಕೆಲಸ ಕಲಿಯಲೆಂದು ತರುತ್ತಿದ್ದರು. ಬೆಂಕಿಯ ಭಯದಿಂದ ಈ ಮರದ ಮನೆಗಳಲ್ಲಿ ದೀಪ, ಒಲೆ ಯಾವುದೂ ಕೂಡದು. ಕಪಾಟಿನಂಥ ಮುಚ್ಚಿದ ಮಂಚದಲ್ಲಿ ಇಬ್ಬಿಬ್ಬರು ಮಲಗಬೇಕು. ಹೆಂಗಸರು ಒಳಗೆ ಬರುವಂತಿಲ್ಲ, ಇರುವಷ್ಟು ವರ್ಷ ಮದುವೆಯಾಗುವಂತಿಲ್ಲ. ಒಲೆ ಇದ್ದದ್ದು ಹಿಂದಿನ ಸಭಾಶಾಲೆಗಳಲ್ಲಿ ಮಾತ್ರ. ಶೋತ್‌ಸ್ತುವೆನೆ ಎಂಬ ಆ ಕಟ್ಟಡಗಳು ಈಗ ಮ್ಯೂಸಿಯಂ. ಉದ್ದ ಬೆಂಚು, ಉದ್ದ ಮೇಜು. ಚಳಿಗಾಲದಲ್ಲಿ ಹುಡುಗರು ಉಣ್ಣಲು, ಮೈ ಕಾಯಿಸಲು ಅಲ್ಲಿ ಸೇರುತ್ತಿದ್ದರು. ಪಾಠವೂ ಅಲ್ಲೇ ಆಗುತ್ತಿತ್ತು.

“ಇದು ನಿನ್ನ ಅಜ್ಜನ ಕತೆ” ಎಂದೆ.

ಮಾವ ಹದಿಮೂರನೆಯ ವಯಸ್ಸಿಗೆ ಊರಿನ ಒಬ್ಬರ ಕೈಹಿಡಿದು ಮುಂಬಯಿಗೆ ಬಂದವರು. ಕೋಟೆ ಪ್ರದೇಶದ ಒಂದು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುವ ಮಾಣಿ. ಕೊನೆಯ ಗಿರಾಕಿ ಹೋದ ಮೇಲೆ ಬೆಂಚು ಜೋಡಿಸಿ ಅದರ ಮೇಲೆ ಇಬ್ಬರು. ಸಂಜೆ ಎರಡು ಗಂಟೆ ಬಿಡುವು ಸಿಕ್ಕರೆ ಕನ್ನಡ ರಾತ್ರಿಶಾಲೆ. ಅಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಗಲ್ಲಾದ ಮೇಲೆ ಕೂತರು, ಆಮೇಲೆ ಸ್ವಂತದ್ದೊಂದು ಕ್ಯಾಂಟೀನ್ ಮಾಡಿದರು. ನನ್ನ ಮಗಳು ಇದನ್ನು ನೂರು ಸಲ ಕೇಳಿದ್ದಾಳೆ, ಆದರೆ ಆ ಬೆಂಚಿನ ಮೇಲೆ ಕೈಯಿಟ್ಟುಕೊಂಡು ಕೇಳಿದ್ದು ಇದೇ ಮೊದಲು. ಪಕ್ಕದಲ್ಲೇ ಇರುವ ಹನ್ನೆರಡನೆಯ ಶತಮಾನದ ಮೇರಿಯಮ್ಮನ ಚರ್ಚು ಕೂಡ ನೂರಾರು ವರ್ಷ ಆ ಜರ್ಮನ್ನರದ್ದೇ ಆಗಿತ್ತಂತೆ. ಪರವೂರಿಗೆ ಹೋದವರು ಮೊದಲು ಹೊಟ್ಟೆಗೆ, ಆಮೇಲೆ ದೇವರಿಗೆ ಜಾಗ ಮಾಡುತ್ತಾರೆ. ಡೊಂಬಿವಲಿಯ ನಮ್ಮ ಭಜನಾ ಮಂಡಳಿಯೂ ಹಾಗೇ ಶುರುವಾದದ್ದು.

1955ರ ಬೆಂಕಿಯ ನಂತರ ನೆಲ ಅಗೆದಾಗ ಆರುನೂರಕ್ಕೂ ಹೆಚ್ಚು ರೂನ್ ಲಿಪಿಯ ಬರಹಗಳು ಸಿಕ್ಕವು. ಹೆಚ್ಚಿನವು ಮರದ ಕಡ್ಡಿಗಳ ಮೇಲೆ ಚಾಕುವಿನಿಂದ ಕೊರೆದದ್ದು. ಲೆಕ್ಕ, ಪ್ರಾರ್ಥನೆ, ಮೂಟೆಯ ಮೇಲಿನ ಹೆಸರು, ಪ್ರೇಮ, ಪೋಲಿ ಮಾತು. ಅದರಲ್ಲಿ ಹೆಸರಾದ ಒಂದು ಕಡ್ಡಿಯ ವಿಷಯ ಮಗಳು ಹೇಳಿದಳು. ನೀನು ಮನೆಗೆ ಬರಬೇಕಂತೆ ಎಂದು ಗ್ಯುಡಾ ಎಂಬ ಹೆಂಗಸು ಯಾರಿಗೋ ಕಳಿಸಿದ ಮಾತು. ಗಂಡ ಹೆಂಡದಂಗಡಿಯಲ್ಲಿ ಕೂತಿದ್ದಿರಬೇಕು ಎಂದು ಊಹೆ. ಹಿಂಬದಿಯಲ್ಲಿ ಏನೋ ಉತ್ತರ ಕೊರೆಯಲು ಹೋಗಿದ್ದಾರೆ, ಓದಲು ಬರುವುದಿಲ್ಲ. ಗ್ಯುಡಾ ಹೆಂಡತಿಯೇ ಯಾಕಾಗಬೇಕು, ತಾಯಿಯೂ ಆಗಿರಬಹುದಲ್ಲ ಎಂದೆ. ಮಗಳು ಏನೂ ಹೇಳಲಿಲ್ಲ.

ಸಂಜೆ ಫ್ಲೊಯೆನ್ ಬೆಟ್ಟಕ್ಕೆ ಹೋದೆವು. 1918ರಿಂದ ಓಡುತ್ತಿರುವ ಒಂದು ಪುಟ್ಟ ಹಗ್ಗದ ರೈಲು ಕೆಲವೇ ನಿಮಿಷಗಳಲ್ಲಿ 320 ಮೀಟರ್ ಮೇಲಕ್ಕೆ ಒಯ್ಯುತ್ತದೆ. ಮಳೆ ನಿಂತಿತ್ತು. ಕೆಳಗೆ ಇಡೀ ಊರು, ಬಂದರು, ಹಡಗು. ಗಂಟೆ ಒಂಬತ್ತಾದರೂ ನಮ್ಮಲ್ಲಿ ನಾಲ್ಕು ಗಂಟೆಗಿರುವಷ್ಟು ಬೆಳಕು.

“ಅಮ್ಮಾ, ನಾನು ಇಲ್ಲಿನ ಪೌರತ್ವಕ್ಕೆ ಅರ್ಜಿ ಹಾಕ್ತಿದ್ದೇನೆ.”

ಹುಡುಗನಿಗಾಗಿ ಸಿದ್ಧ ಮಾಡಿಟ್ಟಿದ್ದ ಮುಖ ಹಾಗೇ ಉಳಿಯಿತು. “ಹಾಗಾದ್ರೆ ನಮ್ಮ ಪಾಸ್‌ಪೋರ್ಟು?” ಎಂದೆ.

“ಬಿಟ್ಟುಕೊಡ್ಬೇಕು.”

ನಾರ್ವೆ 2020ರ ಜನವರಿಯಿಂದ ಎರಡು ಪೌರತ್ವಕ್ಕೆ ಒಪ್ಪುತ್ತದೆ. ಒಪ್ಪದಿರುವುದು ನಮ್ಮ ದೇಶ. ಇನ್ನೊಂದು ದೇಶದ ಪೌರತ್ವ ತೆಗೆದುಕೊಂಡ ದಿನವೇ ಭಾರತದ್ದು ಹೋಗುತ್ತದೆ. ಓಸಿಐ ಕಾರ್ಡ್ ಮಾಡಿಸಿಕೊಳ್ಳಬಹುದು. ಬರಬಹುದು, ಇರಬಹುದು, ಮತ ಹಾಕುವಂತಿಲ್ಲ, ಕೃಷಿಭೂಮಿ ಕೊಳ್ಳುವಂತಿಲ್ಲ. ಇದನ್ನೆಲ್ಲ ಅವಳು ನಿಧಾನವಾಗಿ, ಮೊದಲೇ ಅಭ್ಯಾಸ ಮಾಡಿಕೊಂಡವಳಂತೆ ಹೇಳಿದಳು. ನಾನು ಆಡಬಾರದ ಮಾತು ಆಡಿದೆ. “ಅಪ್ಪ ಇದ್ದಿದ್ರೆ ಹೀಗೆ ಮಾಡ್ತಿದ್ಯಾ?”

“ಅಪ್ಪನಿಗೆ ಗೊತ್ತಿತ್ತು ಅಮ್ಮಾ. ನೀವಿಬ್ರು ಬಂದಾಗ್ಲೇ ಹೇಳಿದ್ದೆ. ನಿನಗೆ ತಾನೇ ಹೇಳ್ತೇನೆ ಅಂದಿದ್ರು.”

ಅವರು ಹೇಳಿರಲಿಲ್ಲ. ನನಗೆ ಸಿಟ್ಟು ಬಂದದ್ದು ಯಾರ ಮೇಲೆ ಎಂದು ಈಗಲೂ ಸರಿಯಾಗಿ ತಿಳಿಯದು. ಬೆಟ್ಟದ ಮೇಲೆ ಮೇಯಲು ಬಿಟ್ಟ ಮೇಕೆಯೊಂದು ಬಂದು ನನ್ನ ದುಪಟ್ಟಾದ ತುದಿಗೆ ಬಾಯಿ ಹಾಕಿತು. ಇಬ್ಬರೂ ಸೇರಿ ಅದನ್ನು ಬಿಡಿಸಿದೆವು. ಕೆಳಗಿಳಿಯುವಾಗ ಮಾತಿಲ್ಲ. ಆ ರಾತ್ರಿ ಕತ್ತಲೆಯೂ ಸರಿಯಾಗಿ ಆಗಲಿಲ್ಲ. ಪರದೆಯ ಸಂದಿಯಿಂದ ಬೆಳಕು ಬರುತ್ತಲೇ ಇತ್ತು, ಅವಳೂ ಮಲಗಿಲ್ಲವೆಂದು ಉಸಿರಿನಿಂದಲೇ ಗೊತ್ತಾಗುತ್ತಿತ್ತು.

ಭಾನುವಾರ ಅಲ್ಲಿ ಹೆಚ್ಚಿನ ಅಂಗಡಿಗಳೆಲ್ಲ ಬಂದ್. ಮಳೆ, ಜೊತೆಗೆ ಗಾಳಿ. ಸ್ಟೇಶನ್ನಿಗೆ ಹೋಗುವಾಗ ನಾನು ಬ್ಯಾಗಿನ ತಳದಿಂದ ಕೊಡೆ ತೆಗೆದೆ. ಕೆರೆಯ ಬದಿಯಲ್ಲಿ ಒಂದೇ ಗಾಳಿಗೆ ಅದು ತಾವರೆಯ ಹಾಗೆ ಮೇಲ್ಮುಖವಾಗಿ ಅರಳಿತು, ಎರಡು ಕಡ್ಡಿ ಮುರಿದವು. ಹತ್ತಿರದ ಕಸದ ಡಬ್ಬಿಯಲ್ಲಿ ನನ್ನದರಂಥ ಇನ್ನೂ ಮೂರು ಕೊಡೆಗಳ ಕಾಲು ಕಾಣುತ್ತಿದ್ದವು, ಎಲ್ಲ ಪ್ರವಾಸಿಗಳದ್ದಿರಬೇಕು. ಮಗಳು ನಕ್ಕಳು. ನಾನೂ ನಕ್ಕೆ. ಹಿಂದಿನ ಸಂಜೆಯಿಂದ ಮೊದಲ ಸಲ.

ಫಿನ್ಸೆಯಲ್ಲಿ ರೈಲು ಕೆಲವು ನಿಮಿಷ ನಿಂತಿತು. ಇಳಿದು ಹಿಮ ಮುಟ್ಟಿದೆವು. ದೂರದಲ್ಲಿ ಹಿಮನದಿಯ ಬಿಳಿ ಗುಡ್ಡ. ಮತ್ತೆ ಹತ್ತಿ ಕೂತ ಮೇಲೆ ನಾನು ಅವಳಿಗೆ ಯಾವತ್ತೂ ಹೇಳದ ಒಂದು ವಿಷಯ ಹೇಳಿದೆ.

1984ರಲ್ಲಿ ಮದುವೆಯಾಗಿ ಮುಂಬಯಿಗೆ ಬಂದಾಗ ಇಲ್ಲಿನ ರೇಷನ್ ಕಾರ್ಡಿಗೆ ನನ್ನ ಹೆಸರು ಸೇರಿಸಬೇಕಿತ್ತು. ಅದಿಲ್ಲದೆ ಸಕ್ಕರೆ, ಸೀಮೆಎಣ್ಣೆ ಯಾವುದೂ ಇಲ್ಲ. ಸೇರಿಸಬೇಕಾದರೆ ಊರಿನ ಕಾರ್ಡಿನಿಂದ ಹೆಸರು ತೆಗೆಸಿದ ಕಾಗದ ತರಬೇಕು. ಅಪ್ಪಯ್ಯ ಕುಂದಾಪುರಕ್ಕೆ ನಾಲ್ಕು ಸಲ ಅಲೆದು ಮಾಡಿಸಿ ಅಂಚೆಯಲ್ಲಿ ಕಳಿಸಿದರು. ಧಾರೆಯಲ್ಲಿ ಅಳದ ನನ್ನ ಅಮ್ಮ, ಕಾರ್ಡಿನಲ್ಲಿ ನನ್ನ ಹೆಸರಿನ ಮೇಲೆ ಕೆಂಪು ಗೆರೆ ಎಳೆದದ್ದನ್ನು ಕಂಡು ಆ ದಿನ ಉಣ್ಣಲಿಲ್ಲವಂತೆ. ಅಕ್ಕ ಬರೆದಿದ್ದಳು. ನನಗೋ, ಕಾಗದ ಬಂತಲ್ಲ ಎಂಬುದಷ್ಟೇ ಸಂತೋಷ. ಮಾರನೇ ದಿನವೇ ಕ್ಯೂ ನಿಂತೆ.

ಮಗಳು ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದಳು. “ಆ ಕಾಗದ ಈಗ್ಲೂ ಇದ್ಯಾ?”

“ಇಲ್ಲ, ರೇಷನ್ ಆಫೀಸಿನವರು ಇಟ್ಕೊಂಡ್ರು.”

“ಒಂದು ಜೆರಾಕ್ಸ್?”

“ಆಗ ಅದನ್ನೆಲ್ಲ ಯಾರು ಮಾಡ್ತಿದ್ರು ಮಾರಾಯ್ತಿ” ಎಂದೆ. “ನೀನು ಪಾಸ್‌ಪೋರ್ಟ್ ಕೊಡೋ ಮೊದಲು ಮಾಡಿಸಿಟ್ಟುಕೋ. ಎಲ್ಲ ಪುಟದ್ದೂ.”

ಅವಳು ಫೋನ್ ತೆಗೆದು ಅದನ್ನು ಬರೆದುಕೊಂಡಳು. ರೈಲು ಸುರಂಗದೊಳಗೆ ಹೋಯಿತು, ಮತ್ತೆ ಕಿವಿ ಮುಚ್ಚಿತು.