ನಿಮ್ಹಾನ್ಸ್ ಜೋಕು

ನಮ್ಮ ಆಫೀಸಿನಲ್ಲಿ ಯಾರಾದ್ರೂ ಸ್ವಲ್ಪ ಎಡವಟ್ಟು ಮಾಡಿದ್ರೆ ಸಾಕು, "ಇವನನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು ಕಣ್ರೋ" ಅಂತ ಒಬ್ಬ ಅಂದೇ ಅಂತಾನೆ. ಎಲ್ಲರೂ ನಗ್ತಾರೆ. ಬೆಂಗಳೂರಿನ ಹಳೇ ಜೋಕು ಇದು. ಆದ್ರೆ ನಗ್ತಿರೋರ ಮಧ್ಯೆ ನಿಜವಾಗ್ಲೂ ಡಾಕ್ಟರ ಸಹಾಯ ಬೇಕಾದವನೊಬ್ಬ ಕೂತಿದ್ರೆ?

ಕೂತಿದ್ದ. ನನ್ನ ಪಕ್ಕದ ಸೀಟಿನವನೇ. (ಅವನನ್ನ ಕೇಳೇ ಇದನ್ನ ಬರೀತಿರೋದು.) ಎರಡು ತಿಂಗಳಿಂದ ಊಟಕ್ಕೆ ಬರ್ತಿರಲಿಲ್ಲ, ರಾತ್ರಿ ಮೂರು ಗಂಟೆಗೆಲ್ಲ ಮೇಲ್ ಕಳಿಸ್ತಿದ್ದ. ಒಂದು ಸಂಜೆ ಟೀ ಅಂಗಡಿ ಹತ್ರ "ನಿದ್ದೆ ಬರ್ತಿದೆಯೇನೋ?" ಅಂತಷ್ಟೇ ಕೇಳಿದೆ. "ಏನಾಯ್ತೋ" ಅಂದಿದ್ರೆ "ಏನಿಲ್ಲ ಬಿಡು" ಅಂತಿದ್ದ ಅನ್ಸುತ್ತೆ. ನಿದ್ದೆ ವಿಷಯ ಹೇಳ್ಕೊಳ್ಳೋಕೆ ಯಾರಿಗೂ ನಾಚಿಕೆ ಇಲ್ಲ ನೋಡಿ. ಟೀ ಆರಿ ಹೋಗೋವರೆಗೂ ಮಾತಾಡಿದ...

ಕಂಪನಿಯಲ್ಲಿ ಕೌನ್ಸೆಲರ್ ಇದಾರೆ, ಲಿಫ್ಟ್ ಪಕ್ಕ ಪೋಸ್ಟರೂ ಇದೆ. ಅಪ್ರೈಸಲ್ ಹತ್ರ ಬಂದಾಗ ಆ ನಂಬರ್‌ಗೆ ಯಾರು ಫೋನ್ ಮಾಡ್ತಾರೆ ಹೇಳಿ? ಅದಕ್ಕೇ ಹೊರಗಿನ ನಂಬರ್ ಕೊಟ್ಟೆ: 14416. ಸರ್ಕಾರದ ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ದಿನದ 24 ಗಂಟೆ, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ದೇಶಕ್ಕೆಲ್ಲ ಅದರ ಮುಖ್ಯ ಕೇಂದ್ರ ಯಾವುದು ಗೊತ್ತಾ? ಅದೇ ನಿಮ್ಹಾನ್ಸ್!

ಫೋನ್ ಮಾಡಿದ. ಈಗ ಗುರುವಾರ ಗುರುವಾರ ಡಾಕ್ಟರ ಹತ್ರ ಹೋಗ್ತಾನೆ. ಆ ಹೊತ್ತಿನ ಅವನ ಕಾಲ್‌ಗಳನ್ನ ನಾನು ತಗೋತೀನಿ. ಕೇಳಿದವರಿಗೆ ಹಲ್ಲುನೋವು ಅಂದಿದೀವಿ. ಮೂವತ್ತೆರಡೂ ಮುಗಿಯೋಕೆ ಬಂತು, ಮುಂದೆ ಏನು ಹೇಳೋದೋ!