ತೆಂಗಿನ ಸೀಮೆಯ ಜಲಾಂತರ್ಗಾಮಿ

ನಮ್ಮೂರು ಕೆಂಕೆರೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ, ಹುಳಿಯಾರಿಗೆ ಹತ್ತಿರ. ಊರಿನ ಹೆಸರಿನಲ್ಲಿ ಕೆರೆಯುಂಟು. ಕೆರೆಯಲ್ಲಿ ನೀರಿರುವುದು ಮಾತ್ರ ಮಳೆರಾಯನ ಮರ್ಜಿ. ಸಮುದ್ರವೆಂದರೆ ರಸ್ತೆಯ ದಾರಿಯಲ್ಲಿ ಇನ್ನೂರು ಕಿಲೋಮೀಟರಿಗೂ ಆಚೆ. ನಮ್ಮ ಹಿರಿಯರಲ್ಲಿ ಅನೇಕರು ಅದನ್ನು ಕಾಣದೆಯೇ ಕಣ್ಣು ಮುಚ್ಚಿದರು. ಇಂಥ ಊರಿನ ನಮ್ಮ ಮನೆಯ ಹಿಂಬದಿಯ ಕೋಣೆಯಲ್ಲಿ ಕಳೆದ ಬೇಸಗೆಯ ಕೊನೆಗೆ ಒಂದು ಜಲಾಂತರ್ಗಾಮಿ ನೌಕೆ ಹದಿನೈದು ದಿನ ಮುಳುಗಿ ಕುಳಿತಿತ್ತೆಂದರೆ ಓದುಗರು ನಗಬಹುದು. ನಗಲಿ. ಮೊದಮೊದಲು ನನಗೂ ನಗೆಯೇ ಬಂದಿತ್ತು. ಆಮೇಲೆ ಕೋಪ ಬಂತು. ಅದಾದ ಮೇಲೆ ಬಂದದ್ದನ್ನು ಹೇಳುವುದಕ್ಕಾಗಿ ಈ ಬರಹ.

ನೌಕೆಯ ನಾಯಕ ನನ್ನ ಮಗಳ ಮಗ. ಬೆಂಗಳೂರಿನಲ್ಲಿ ಬೆಳೆದ ಹುಡುಗ, ವಯಸ್ಸು 19. ವೈದ್ಯಕೀಯ ಪ್ರವೇಶ ಪರೀಕ್ಷೆಯಲ್ಲಿ ಎರಡನೆಯ ಸಲವೂ ಬೇಕಾದಷ್ಟು ಅಂಕ ಬಾರದೆ, “ಸ್ವಲ್ಪ ದಿನ ತಾತನ ಹತ್ತಿರ ಇರಲಿ” ಎಂದು ಅವನ ತಾಯಿ ಕಳುಹಿಸಿದ್ದಳು. ಬಂದವನು ಊಟಕ್ಕೆ ಕರೆದರೆ ಬರುತ್ತಿದ್ದ. ತಲೆ ಬಗ್ಗಿಸಿ ಉಂಡು ಎದ್ದು ಹೋಗುತ್ತಿದ್ದ. ಕದ ಹಾಕಿಕೊಂಡನೆಂದರೆ ಒಳಗಿನಿಂದ ಒಂದು ವಿಚಿತ್ರ ಸದ್ದು ಬರುತ್ತಿತ್ತು: ಟಿಣ್... ಟಿಣ್... ದೇವಸ್ಥಾನದ ಸಣ್ಣ ಗಂಟೆಯನ್ನು ಬಾವಿಯೊಳಗೆ ಬಾರಿಸಿದಂತೆ.

ಹಳ್ಳಿಯಲ್ಲಿ ಇಂಥ ಸುದ್ದಿ ಮುಚ್ಚಿಡುವುದು ಸಾಧ್ಯವಿಲ್ಲ. ಜಗುಲಿಗೆ ಬಂದವರೆಲ್ಲ ಒಳಗೆ ಕೇಳುವಂತೆಯೇ ಸಮಾಧಾನ ಹೇಳಿದರು. “ಪಾಪ, ಎರಡು ವರ್ಷ ಹೋಯ್ತಲ್ಲ” ಎಂದರೊಬ್ಬರು. ತಮ್ಮ ತಂಗಿಯ ಮಗ ಮೊದಲನೆಯ ಸಲಕ್ಕೇ ತೇರ್ಗಡೆಯಾದ ಕಥೆಯನ್ನು ಇನ್ನೊಬ್ಬರು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಒಳಗೆ ಟಿಣ್ ಟಿಣ್ ನಿಲ್ಲಲಿಲ್ಲ. ಕೊನೆಗೊಂದು ದಿನ ನನ್ನಾಕೆ ಕಣ್ಣೊರೆಸಿಕೊಂಡು, “ನೀವೊಂದು ಸಲ ಒಳಗೆ ಹೋಗಿ ನೋಡಬಾರದೆ? ಮಗು ಮಾತೇ ಆಡ್ತಿಲ್ಲ” ಎಂದಳು.

ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವನು ನಾನು. ಬೈಯಬೇಕಾದ ಮಾತುಗಳನ್ನು ಮನಸ್ಸಿನಲ್ಲಿ ಸಾಲಾಗಿ ಜೋಡಿಸಿಕೊಂಡೇ ಕದ ತಳ್ಳಿದೆ. ಕಿಟಕಿ ಮುಚ್ಚಿ ಕೋಣೆ ಕತ್ತಲಾಗಿತ್ತು. ಕಂಪ್ಯೂಟರಿನ ಪರದೆಯಲ್ಲಿ ಮಂದವಾದ ಕೆಂಪು ಬೆಳಕು, ಕೆಲವು ಮುಳ್ಳುಗಳುಳ್ಳ ಮಾಪಕಗಳು. ಹುಡುಗ ತುಟಿಯ ಮೇಲೆ ಬೆರಳಿಟ್ಟು, “ತಾತ, ಮೆಲ್ಲಗೆ. ಮೇಲೆ ಹಡಗಿದೆ” ಎಂದು ಪಿಸುಗುಟ್ಟಿದ. ನನಗೇ ತಿಳಿಯದಂತೆ ನಾನೂ ದನಿ ತಗ್ಗಿಸಿ, “ಎಷ್ಟು ಹಡಗು?” ಎಂದು ಕೇಳಿಬಿಟ್ಟೆ. ಜೋಡಿಸಿಕೊಂಡು ಬಂದಿದ್ದ ಬೈಗುಳವೆಲ್ಲ ಅಲ್ಲಿಗೆ ಮರೆತುಹೋಯಿತು.

ಆಟದ ಹೆಸರು ‘ಸೈಲೆಂಟ್ ಹಂಟರ್’. ಮೌನ ಬೇಟೆಗಾರ ಎಂದರೆ ಸರಿಹೋದೀತು. ಈ ಹೆಸರಿನ ಮೊದಲ ಆಟ ಬಂದದ್ದು 1996ರಲ್ಲಿ. ನಮ್ಮ ಹುಡುಗ ಆಡುತ್ತಿದ್ದುದು ಮೂರನೆಯದು, 2005ರದು. ಆಡುವವನು ಎರಡನೆಯ ಮಹಾಯುದ್ಧದ ಜರ್ಮನ್ ಜಲಾಂತರ್ಗಾಮಿಯೊಂದರ ನಾಯಕ. ಅಟ್ಲಾಂಟಿಕ್ ಸಾಗರದಲ್ಲಿ ಸಂಚರಿಸಿ, ಸರಕಿನ ಹಡಗುಗಳನ್ನು ಹುಡುಕಿ, ಟಾರ್ಪಿಡೊ ಬಿಟ್ಟು, ಬೆನ್ನಟ್ಟುವ ಕಾವಲು ಹಡಗುಗಳಿಂದ ತಪ್ಪಿಸಿಕೊಳ್ಳಬೇಕು. ಇಷ್ಟು ಕೇಳಿದರೆ ಅಬ್ಬರದ ಆಟವೆನಿಸುತ್ತದೆ. ಕುಳಿತು ನೋಡಿದರೆ ಹಾಗಲ್ಲ. ಗಂಟೆಗಟ್ಟಲೆ ಏನೂ ನಡೆಯುವುದಿಲ್ಲ. ಸಮುದ್ರ, ಮಂಜು, ನಕ್ಷೆ, ಗಡಿಯಾರ. ಕಾಲವನ್ನು ಬೇಗ ಓಡಿಸುವ ಉಪಾಯವೂ ಆಟದಲ್ಲಿದೆ. ಆದರೂ ಕಾಯುವುದು ತಪ್ಪದು. ಇದರಲ್ಲಿ ಜನಕ್ಕೆ ಸಿಗುವ ಸುಖವಾದರೂ ಏನು?

ಮೂರು ನಾಲ್ಕು ಮಧ್ಯಾಹ್ನ ಅವನ ಪಕ್ಕದಲ್ಲಿ ಕುಳಿತ ಮೇಲೆ ನನಗೊಂದಿಷ್ಟು ಹೊಳೆಯಿತು. ಮುಳುಗಿದ ನೌಕೆಗೆ ಕಿಟಕಿಯಿಲ್ಲ. ಪೆರಿಸ್ಕೋಪಿನ ಕಣ್ಣು ನೀರಿನ ಮೇಲ್ಮೈಯ ಹತ್ತಿರ ಮಾತ್ರ ಉಪಯೋಗ. ಕೆಳಗಿಳಿದರೆ ಕಿವಿಯೊಂದೇ ಗತಿ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋದರೆ ಸಮುದ್ರದ ನೀರಿನಲ್ಲಿ ಸುಮಾರು 1500 ಮೀಟರ್ ಹೋಗುತ್ತದೆ. ಹುಡುಗ ಒಂದು ಚಕ್ರವನ್ನು ತಿರುಗಿಸುತ್ತ, ಎಲ್ಲೋ ದೂರದ ಹಡಗಿನ ಪಂಖದ ಸದ್ದನ್ನು ಹಿಡಿದು, “ಇದು ಸರಕಿನ ಹಡಗು, ನಿಧಾನ, ಇದು ಕಾವಲಿನದು, ಜೋರಾಗಿ ಬರ್ತಿದೆ” ಎನ್ನುತ್ತಿದ್ದ. ನಾನು ಕೇಳುತ್ತಿದ್ದ ಟಿಣ್ ಟಿಣ್ ಮೇಲಿನ ಹಡಗು ಇವನನ್ನು ಹುಡುಕಲು ಕಳುಹಿಸುತ್ತಿದ್ದ ಶಬ್ದ. ಅದು ನೌಕೆಯ ಮೈಗೆ ತಗುಲಿ ಹಿಂದಿರುಗಿದರೆ ಇವನ ಸುಳಿವು ಸಿಕ್ಕಂತೆ.

ಈ ಕಿವಿಗೊಡುವ ವಿದ್ಯೆ ನನಗೆ ಹೊಸದಾಗಿರಲಿಲ್ಲ. ನಮ್ಮ ತಿಪಟೂರು ಸೀಮೆಯ ಉಂಡೆ ಕೊಬ್ಬರಿಯನ್ನು ಓದುಗರು ಬಲ್ಲರು. ಬಲಿತ ಕಾಯಿಯನ್ನು ಸಿಪ್ಪೆಸಹಿತ ಅಟ್ಟಕ್ಕೆ ಹಾಕಿ, ಹತ್ತು ಹನ್ನೆರಡು ತಿಂಗಳು ಕತ್ತಲೆಯಲ್ಲಿ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಆರಬೇಕು. ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗಿ ಕಳಚಿಕೊಳ್ಳಬೇಕು. ಒಡೆದು ನೋಡುವಂತಿಲ್ಲ, ಅವಸರಪಟ್ಟು ಒಡೆದರೆ ಕೊಬ್ಬರಿ ಕೆಟ್ಟಿತು. ಆದುದರಿಂದ ಅಲುಗಿಸಿ ಕೇಳುವುದು. ಗುಳಕ್ ಎಂದರೆ ನೀರಿದೆ. ಲೊಡಲೊಡ ಎಂದರೆ ಕೊಬ್ಬರಿಯಾಗಿದೆ. ನನ್ನ ತಂದೆ ಅಟ್ಟದ ಕತ್ತಲೆಯಲ್ಲಿ ಕಾಯಿಯನ್ನು ಕಿವಿಯ ಬಳಿ ಹಿಡಿದು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆ ಹೊತ್ತಿನಲ್ಲಿ ಮಕ್ಕಳು ಕೆಮ್ಮಿದರೂ ಗದರುತ್ತಿದ್ದರು. ಕಾಣದಿರುವುದನ್ನು ಕೇಳಿ ತಿಳಿಯುವಾಗ ಮನಸ್ಸು ಬೇರೆಲ್ಲೂ ಹೋಗದು. ಆ ಸುಖವನ್ನೇ ಮೊಮ್ಮಗ ಅಟ್ಲಾಂಟಿಕ್ಕಿನ ತಳದಲ್ಲಿ ಕಂಡುಕೊಂಡಿದ್ದ.

ಇನ್ನೊಂದು ಸುಖ ಲೆಕ್ಕದ್ದು. ಟಾರ್ಪಿಡೊವನ್ನು ಹಡಗು ಇರುವ ಕಡೆಗೆ ಬಿಟ್ಟರೆ ವ್ಯರ್ಥ. ಹಡಗು ಬಂದು ಸೇರುವ ಕಡೆಗೆ ಬಿಡಬೇಕು. ಹಡಗಿನ ವೇಗ, ದೂರ, ಅದು ಸಾಗುತ್ತಿರುವ ಕೋನ, ಈ ಮೂರು ತಿಳಿದರೆ ಉಳಿದದ್ದು ತ್ರಿಕೋನ. ನಕ್ಷೆಯ ಮೇಲೆ ಅವನು ಗೆರೆಯೆಳೆದು ಕೋನವನ್ನಳೆಯುವುದನ್ನು ಕಂಡು ನನ್ನ ಕೈ ಸೀಮೆಸುಣ್ಣಕ್ಕಾಗಿ ತಡಕಾಡಿತು. ಒಂದು ಸಲ ನಾನೇ ಕಾಗದದ ಮೇಲೆ ಲೆಕ್ಕ ಮಾಡಿಕೊಟ್ಟೆ. ಟಾರ್ಪಿಡೊ ಹಡಗಿನ ಹಿಂದಿನಿಂದ ಹಾದುಹೋಯಿತು. “ತಾತ, ವೇಗ ನೀನು ಕಡಿಮೆ ಹಿಡಿದೆ” ಎಂದು ಹುಡುಗ ನಕ್ಕ. ಬಂದ ಮೇಲೆ ಅವನು ನಕ್ಕದ್ದು ಅದೇ ಮೊದಲು.

ಆದರೂ ಇವೆರಡಕ್ಕಿಂತ ಆಳವಾದದ್ದೊಂದಿದೆ. ಅದು ಅಡಗುವ ಆಸೆ. ಹಳ್ಳಿಯ ಮಕ್ಕಳೆಲ್ಲ ಬಾವಿಯಲ್ಲಿ ಉಸಿರು ಕಟ್ಟಿ ಮುಳುಗಿದವರೇ. ಮೇಲಿನ ಗದ್ದಲವೆಲ್ಲ ಅಲ್ಲಿ ಮಂಕಾಗಿ, ಲೋಕ ನಮ್ಮನ್ನು ಮರೆತಂತೆ ತೋರುತ್ತದೆ. ಜೂಲ್ಸ್ ವರ್ನನ ಕಾದಂಬರಿಯ ನಾಯಕ ನೆಮೊ, 1870ರಲ್ಲೇ ಜಲಾಂತರ್ಗಾಮಿಯಲ್ಲಿ ಕುಳಿತು ಲೋಕಕ್ಕೆ ಬೆನ್ನು ತಿರುಗಿಸಿದವನು. ಅವನು ಭಾರತದ ರಾಜಕುಮಾರ, ನಮ್ಮ ಟಿಪ್ಪು ಸುಲ್ತಾನನಿಗೆ ಸಂಬಂಧಿ ಎಂದು ವರ್ನ್ ಮುಂದಿನದೊಂದು ಕಾದಂಬರಿಯಲ್ಲಿ ಬರೆದ. ಕನ್ನಡಿಗರಿಗಾದರೋ ಅಷ್ಟು ದೂರ ಹೋಗಬೇಕಾಗಿಲ್ಲ. ರನ್ನನ ಗದಾಯುದ್ಧದಲ್ಲಿ ಎಲ್ಲರನ್ನೂ ಕಳೆದುಕೊಂಡ ದುರ್ಯೋಧನ ವೈಶಂಪಾಯನ ಸರೋವರದ ತಳದಲ್ಲಿ ಅಡಗಿ ಕೂರುತ್ತಾನೆ. ದಡದಲ್ಲಿ ನಿಂತು ಭೀಮ ಮೂದಲಿಸಿ ಗರ್ಜಿಸಿದಾಗ ನೀರೊಳಗೆ ಇದ್ದವನ ಮೈ ಬೆವರುತ್ತದೆ. ಶಾಲೆಯಲ್ಲಿ ಆ ಪದ್ಯವನ್ನು ಬಾಯಿಪಾಠ ಮಾಡಿದ್ದೆ. ಅದರ ಅರ್ಥ ತಿಳಿದದ್ದು ಈ ಕೋಣೆಯಲ್ಲಿ. ನಮ್ಮ ಜಗುಲಿಯಲ್ಲಿಯೂ ದಿನಕ್ಕೊಬ್ಬ ಭೀಮ ಕುಳಿತಿದ್ದನಲ್ಲವೆ? ನಾನೂ ಗದೆ ಹಿಡಿದೇ ಒಳಗೆ ಹೋದವನಲ್ಲವೆ?

ಆಟವನ್ನು ಹೊಗಳುವಾಗ ಒಂದು ಮಾತನ್ನು ಮರೆಯಬಾರದು. ವಿಶಾಖಪಟ್ಟಣದ ಕಡಲತಡಿಯಲ್ಲಿ ನಮ್ಮ ನೌಕಾಪಡೆಯ ‘ಕುರ್ಸುರ’ವನ್ನು ದಡಕ್ಕೆಳೆದು ವಸ್ತುಸಂಗ್ರಹಾಲಯ ಮಾಡಿದ್ದಾರೆ. 1969ರಿಂದ 2001ರವರೆಗೆ ಸೇವೆಯಲ್ಲಿದ್ದ ನೌಕೆ. ಉದ್ದ 91 ಮೀಟರು. ಒಮ್ಮೆ ಮಗಳ ಸಂಸಾರದೊಡನೆ ಅದರೊಳಗೆ ಹೋಗಿದ್ದೆ. ದುಂಡು ಬಾಗಿಲುಗಳಲ್ಲಿ ಬಗ್ಗಿ ನುಸುಳಿ, ಒಂದರ ಮೇಲೊಂದಿರುವ ಗೇಣಗಲದ ಮಂಚಗಳನ್ನು ಕಂಡು, ಐದು ನಿಮಿಷಕ್ಕೇ ಆಕಾಶ ಬೇಕೆನಿಸಿತು. 1971ರ ಡಿಸೆಂಬರಿನಲ್ಲಿ ಅದೇ ವಿಶಾಖಪಟ್ಟಣದ ಸಮೀಪ ಪಾಕಿಸ್ತಾನದ ‘ಘಾಜಿ’ ತನ್ನೊಳಗಿನ ಎಲ್ಲರೊಂದಿಗೆ ಮುಳುಗಿತು. ಅದೇ ತಿಂಗಳ 9ರಂದು ನಮ್ಮ ‘ಖುಕ್ರಿ’ ಹಡಗನ್ನು ಅವರ ಜಲಾಂತರ್ಗಾಮಿ ಮುಳುಗಿಸಿತು. 18 ಅಧಿಕಾರಿಗಳೂ 176 ನಾವಿಕರೂ ಮಡಿದರು. ಮೊಮ್ಮಗ ಆಡುವ ಜರ್ಮನ್ ನೌಕೆಗಳಲ್ಲಿ ದುಡಿದವರು ಸುಮಾರು 40,000. ಹಿಂದಿರುಗದವರು ಅವರಲ್ಲಿ ನಾಲ್ಕಕ್ಕೆ ಮೂರು ಪಾಲು. ಅವರು ಮುಳುಗಿಸಿದ ಹಡಗುಗಳಲ್ಲಿ ಸತ್ತವರೂ ಸಾವಿರ ಸಾವಿರ. ಇದನ್ನೆಲ್ಲ ಅವನಿಗೆ ಹೇಳಿದೆ. ಅವನಿಗೂ ಗೊತ್ತಿತ್ತು. “ಅದಕ್ಕೇ ತಾತ, ಹಡಗು ಮುಳುಗಿದಾಗ ನನಗೆ ಅಂಥ ಖುಷಿ ಏನೂ ಆಗಲ್ಲ” ಎಂದ.

“ಹಾಗಾದರೆ ಯಾವುದು ಖುಷಿ?” ಎಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. “ಹೊರಗಡೆ ಎಲ್ಲರೂ ಏನಾದ್ರೂ ಮಾಡು, ಏನಾದ್ರೂ ಮಾಡು ಅಂತಾರೆ. ಇಲ್ಲಿ ಸುಮ್ಮನಿರೋದೇ ಕೆಲಸ. ಸುಮ್ಮನಿದ್ರೆ ಎಲ್ಲರೂ ಬದುಕ್ತಾರೆ.”

ನನಗೆ ಗಂಟಲು ಕಟ್ಟಿತು. ಬುದ್ಧಿ ಹೇಳಲು ಇದೇ ಸಮಯವೆಂದು ಉಪಾಧ್ಯಾಯನ ನಾಲಗೆ ತುರಿಸಿದರೂ ತಡೆದುಕೊಂಡು, “ಹೀಗೆ ಎಷ್ಟು ಹೊತ್ತು ಇರಬಹುದು?” ಎಂದು ಮಾತ್ರ ಕೇಳಿದೆ.

ಅವನು ಲೆಕ್ಕ ಹೇಳಿದ. ಆ ಕಾಲದ ನೌಕೆ ನೀರೊಳಗೆ ಓಡುತ್ತಿದ್ದುದು ಬ್ಯಾಟರಿಯಿಂದ. ಗಂಟೆಗೆ ಏಳೆಂಟು ಕಿಲೋಮೀಟರಿನಂತೆ ತೆವಳಿದರೂ 150 ಕಿಲೋಮೀಟರಿನೊಳಗೆ ಬ್ಯಾಟರಿ ಬರಿದು. ಗಾಳಿಯೂ ಕೆಡುತ್ತದೆ. “ಆಮೇಲೆ?” ಎಂದೆ. “ಮೇಲಕ್ಕೆ ಬರಲೇಬೇಕು ತಾತ. ಕತ್ತಲಾದ ಮೇಲೆ, ಯಾರೂ ಇಲ್ಲದಾಗ ನೋಡ್ಕೊಂಡು ಬರಬೇಕು.”

ನಾನು ಎದ್ದು ಬಂದೆ. ಜಗುಲಿಯಲ್ಲಿದ್ದವರಿಗೆ ಅಂದಿನಿಂದ ನಮ್ಮ ಮನೆಯಲ್ಲಿ ಕಾಫಿಯುಂಟು, ಪರೀಕ್ಷೆಯ ಮಾತಿಲ್ಲವೆಂದು ಕೈಮುಗಿದು ಹೇಳಿದೆ. ಕೆಲವರು ಮುನಿಸಿಕೊಂಡರು.

ನಾಲ್ಕು ದಿನ ಕಳೆದು, ದೀಪ ಹಚ್ಚಿದ ಮೇಲೆ ನಾನು ಅಟ್ಟದಲ್ಲಿದ್ದಾಗ ಏಣಿ ಅಲುಗಿತು. ಹುಡುಗ ಹತ್ತಿ ಬಂದಿದ್ದ. “ಇದನ್ನು ಹೇಗೆ ಕೇಳೋದು?” ಎಂದ. ಒಂದು ಕಾಯಿ ಕೊಟ್ಟೆ. ಮೊದಲ ದಿನ ಹತ್ತರಲ್ಲಿ ಐದು ತಪ್ಪು. ವಾರದಲ್ಲಿ ಕೈ ಪಳಗಿತು. ಒಂದು ಸಂಜೆ ನಾನು ಆಗಿದೆಯೆಂದು ತೆಗೆದಿಟ್ಟ ಕಾಯಿಯನ್ನು ಅಲುಗಿಸಿ, “ಇಲ್ಲ ತಾತ, ಇದರಲ್ಲಿ ಇನ್ನೂ ಸ್ವಲ್ಪ ನೀರಿದೆ” ಎಂದ. ನಾನು ಒಪ್ಪದೆ ಸುಲಿದು ಒಡೆದೆ. ನೀರಿತ್ತು. 74 ವರ್ಷದ ನನ್ನ ಕಿವಿಗೆ ಅದು ಕೇಳಿಸಿರಲಿಲ್ಲ. ಆ ಕಾಯಿ ಮರುದಿನ ಚಟ್ನಿಗಾಯಿತು. ಅಜ್ಜಿಯೊಡನೆ ಮಾತಾಡುತ್ತ ಹುಡುಗ ಎರಡು ದೋಸೆ ಹೆಚ್ಚಾಗಿಯೇ ತಿಂದ.

ಈಗ ಅವನು ಬೆಂಗಳೂರಿಗೆ ಹಿಂದಿರುಗಿದ್ದಾನೆ. ಮುಂದೆ ಏನು ಓದುವನೆಂಬುದು ಇನ್ನೂ ತೀರ್ಮಾನವಾಗಿಲ್ಲ. ಅವನ ತಾಯಿಗೆ ಚಿಂತೆ ತಪ್ಪಿಲ್ಲ; ನನಗೂ ಪೂರ್ತಿಯಾಗಿ ತಪ್ಪಿಲ್ಲ. ಆಟವನ್ನು ಬಿಟ್ಟಿಲ್ಲವಂತೆ. ಬಿಡು ಎಂದು ನಾನೂ ಹೇಳಿಲ್ಲ. ಭಾನುವಾರ ಫೋನು ಮಾಡಿದಾಗ ಯೋಗಕ್ಷೇಮವಾದ ಮೇಲೆ ಅವನು ಕೇಳುವುದು ಒಂದೇ ಮಾತು: “ತಾತ, ಮೂಡಣ ಮೂಲೆಯ ಕಾಯಿ ಸದ್ದು ಮಾಡ್ತಿದೆಯಾ?”

“ಇನ್ನೂ ಎರಡು ತಿಂಗಳು ಬೇಕಪ್ಪ” ಎನ್ನುತ್ತೇನೆ. “ನೀನೇ ಬಂದು ಕೇಳು.”