ಕಣ್ಣಿಗೆ ಕಾಣದ ಕೆಲಸ

ಹವಾಯಿಯ ಮಾವಿ ದ್ವೀಪದ ಹೂಕಿಪಾ ಕಡಲತೀರವು ವಿಂಡ್‌ಸರ್ಫಿಂಗ್‌ಗೆ ಜಗತ್ಪ್ರಸಿದ್ಧ. ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ಅಲೆಗಳನ್ನೇರುವ ಈ ಕ್ರೀಡೆಗೆ, ಸವಾರನ ತೂಕ ಹಾಗೂ ನೈಪುಣ್ಯಕ್ಕೆ ತಕ್ಕ ಹಲಗೆಗಳನ್ನು ಕೈಯಿಂದಲೇ ರೂಪಿಸುವ ಕುಶಲಕರ್ಮಿಗಳು ಅಲ್ಲಿದ್ದಾರೆ.

ಅವರು ಥರ್ಮೋಕೋಲಿನ ತಿರುಳನ್ನು ಬಿಸಿತಂತಿಯಿಂದ ಕತ್ತರಿಸಿ, ಉಜ್ಜಿ, ಗಾಜಿನೆಳೆಯ ಬಟ್ಟೆಯನ್ನು ಎಪಾಕ್ಸಿ ಅಂಟಿನಿಂದ ಹೊದಿಸುತ್ತಾರೆ. ಗಾಳಿ ಹೀರಿದ ಚೀಲದೊಳಗೆ ಪದರಗಳು ಬಿಗಿಯಾಗಿ ಕೂಡುತ್ತವೆ. ಬಣ್ಣ ಬಳಿದ ಮೇಲೆ ಒಳಗಿನ ಲೋಪ ಯಾರಿಗೂ ಕಾಣದು. ಆದರೆ ಅಂಟು ಹಿಡಿಯದ ಒಂದೇ ಎಡೆಯಿಂದ ಹಲಗೆ ಕಡಲ ನಡುವೆ ಮುರಿಯಬಹುದು. ಸವಾರನ ಪ್ರಾಣಕ್ಕೇ ಕುತ್ತಾಗಬಹುದು. ಉಜ್ಜಿದ ಧೂಳು ನೀರು ಸೇರಿದರೆ ಕೊಳೆಯದೆ ಜಲಚರಗಳ ಹೊಟ್ಟೆಗೆ ಹೋಗುತ್ತದೆ.

ಆದ್ದರಿಂದ ಧೂಳನ್ನು ಗುಡಿಸಿ ಕೂಡಿಡುವುದು, ಸಂಶಯವಿರುವ ಹಲಗೆಯನ್ನು ಲಾಭ ಬಿಟ್ಟಾದರೂ ಮಾರದಿರುವುದು, ಇವೂ ಕೌಶಲದ ಅಂಗಗಳೇ. ಕೊಳ್ಳುವವನಿಗೆ ಕಾಣದ್ದನ್ನು ಮಾಡಿದವನೊಬ್ಬನೇ ಬಲ್ಲ. ಪ್ರಾಮಾಣಿಕತೆಯ ಪರೀಕ್ಷೆ ನಡೆಯುವುದು ಅಲ್ಲಿಯೇ.